ಪಾಲಕರ ಸಹಿ ಇಲ್ಲದ ಅರ್ಜಿ

೨ ಜುಲೈ ೧೯೭೯, ಸೋಮವಾರ

ಇಂದಿನಿಂದ ನಾನು ಆಂಬಡ್ಸ್‌ಮನ್. ಹೊಸ ನೋಟುಬುಕ್ಕಿನ ಮೊದಲ ಸಾಲಿಗೇ ಇಂಥ ಶಬ್ದ ಬಿದ್ದದ್ದು ಶುಭವೋ ಅಶುಭವೋ ತಿಳಿಯದು. ಧಾರವಾಡದಲ್ಲಿ ಇಂಟರ್ ಓದುವಾಗ ಕೊಂಡ ಡಿಕ್ಷನರಿ ತೆಗೆದು ಹುಡುಕಿದೆ. ಆಮ್ಲೆಟ್ ಇದೆ, ಆಮ್ನಿಬಸ್ ಇದೆ, ಇದು ಇಲ್ಲ. ನಲವತ್ತು ವರ್ಷದ ಹಿಂದೆ ಇಂಗ್ಲಿಷರಿಗೂ ಇಂಥವನೊಬ್ಬ ಬೇಕೆನ್ನಿಸಿರಲಿಲ್ಲ ಎಂದಾಯಿತು. ತಹಶೀಲ್ದಾರರು ಭಾಷಣದಲ್ಲಿ ಬಿಡಿಸಿ ಹೇಳಿದರು: ಸ್ವೀಡನ್ ಎಂಬ ದೇಶದಲ್ಲಿ ಸರಕಾರದ ತಪ್ಪನ್ನು ಸರಕಾರಕ್ಕೇ ತೋರಿಸಲು ಸರಕಾರವೇ ಒಬ್ಬ ಮನುಷ್ಯನನ್ನು ಸಾಕಿಕೊಂಡಿರುತ್ತದಂತೆ. ಈ ವರ್ಷ ಲೋಕಕ್ಕೆಲ್ಲ ಮಕ್ಕಳ ವರ್ಷ. ಆದ್ದರಿಂದ ನಮ್ಮ ತಾಲೂಕಿಗೂ ಪ್ರಯೋಗಕ್ಕೆಂದು ಒಂದು ‘ಮಕ್ಕಳ ಅಹವಾಲು ಕೇಂದ್ರ’. ಗೌರವಾಧಿಕಾರಿ: ತ್ರ್ಯಂಬಕ ಕೃಷ್ಣಾಜಿ ಹುಣಶೀಕಟ್ಟಿ, ನಿವೃತ್ತ ಹೆಡ್ ಕ್ಲಾರ್ಕ್. ಗೌರವ ಎಂದರೆ ಪಗಾರ ಇಲ್ಲ.

ವರ್ಷ ಅರ್ಧ ಮುಗಿದ ಮೇಲೆ ಸುರುಮಾಡಿದಿರಲ್ಲ ಎಂದೆ. “ಇನ್ನೂ ಅರ್ಧ ಉಳದದಲ್ರೀ” ಎಂದರು ತಹಶೀಲ್ದಾರರು.

ಕೋಣೆ ಜಪ್ತಿ ಸಾಮಾನಿನದು. ಒಂದು ಮುರುಕು ಚಕ್ಕಡಿ ಗಾಲಿ, ಸಾರಾಯಿ ಕಾಸಿದ ಎರಡು ಗಡಿಗೆ, ಅವುಗಳ ಪಕ್ಕಕ್ಕೆ ನಾನು. ಕುರ್ಚಿಗೆ ಕೈಗಳಿಲ್ಲ. ನೌಕರಿಯಲ್ಲಿದ್ದಾಗ ಕೈಯುಳ್ಳ ಕುರ್ಚಿಗಾಗಿ ಹನ್ನೊಂದು ವರ್ಷ ಕಾದಿದ್ದೆ. ಈಗ ಮತ್ತೆ ಮೊದಲಿನಿಂದ. ಸಿಪಾಯಿ ಎಂದು ಮಡಿವಾಳೆಪ್ಪನನ್ನು ಕೊಟ್ಟಿದ್ದಾರೆ. ನನ್ನ ಕಾಲದವನೇ, ಬರುವ ವರ್ಷ ನಿವೃತ್ತಿ. ಬೇರೆ ಎಲ್ಲಿಯೂ ಕೂಡ್ರಿಸಲು ಜಾಗವಿಲ್ಲದವರನ್ನು ಒಂದು ಕಡೆ ಸೇರಿಸಿದಂತಿದೆ.

ಆದರೂ ಒಪ್ಪಿಕೊಂಡೆ. ಹೆಂಡತಿ ನರ್ಮದಾ ತೀರಿಕೊಂಡು ಬರುವ ಮಾಘಕ್ಕೆ ಮೂರು ವರ್ಷ. ಅವಳಿದ್ದಾಗ ನಾನು ಮಾತಾಡುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಈಗ ಕೇಳಿಸಿಕೊಳ್ಳದವರೂ ಇಲ್ಲ.

೯ ಜುಲೈ, ಸೋಮವಾರ

ಅಹವಾಲು ಪೆಟ್ಟಿಗೆ ಬಂತು. ಬಡಿಗ ಏಳು ಅಡಿ ಎತ್ತರಕ್ಕೆ ಬಡಿದು ಹೋದ. ಸರಕಾರಿ ಪೆಟ್ಟಿಗೆಗಳೆಲ್ಲ ಅಷ್ಟೇ ಎತ್ತರವಂತೆ. ನಾನೇ ಹಿಮ್ಮಡಿ ಎತ್ತಬೇಕು.

“ಮಡಿವಾಳೆಪ್ಪ, ಇದು ಹುಡುಗರ ಪೆಟ್ಟಿಗಿ ಅಲ್ಲೇನೊ? ಅವರ ಕೈಗೆ ಹ್ಯಾಂಗ ಎಟಕಬೇಕು?”

“ಎಟಕಿದ್ರ ಏನರ ಹಾಕ್ತಾರಲ್ರಿ ರಾಯರ” ಎಂದ. “ಆಮ್ಯಾಲೆ ತಗದು ಓದಾವ್ರು ಯಾರು?”

ವಾರದ ಫಸಲು: ಬೀಡಿ ತುಂಡು ಒಂದು, ಗೆಲ್ಲದ ಲಾಟರಿ ಚೀಟಿ ಎರಡು. ಎತ್ತರದ ಮಂದಿಯ ಅಹವಾಲು.

ಬಿಡುವಿನಲ್ಲಿ ಕೇಂದ್ರದ ಹದಿನಾಲ್ಕೂ ನಿಯಮಗಳನ್ನು ಬಾಯಿಪಾಠ ಮಾಡಿದೆ. ನಾಲ್ಕನೆಯದು ಮುಖ್ಯ: ಅಪ್ರಾಪ್ತ ವಯಸ್ಕರ ಅರ್ಜಿಗೆ ಪಾಲಕರ ಸಹಿ ಇರತಕ್ಕದ್ದು. ಇಲ್ಲಿಗೆ ಬರಬೇಕಾದವರೆಲ್ಲ ಅಪ್ರಾಪ್ತರೇ ಅಲ್ಲವೇ ಎಂಬುದು ಬೇರೆ ಮಾತು. ರೂಲ್ ಈಸ್ ಎ ರೂಲ್ ಎನ್ನುತ್ತಿದ್ದರು ನಮ್ಮ ಪ್ರೊಫೆಸರರು. ಅದರ ಮುಂದೆ ‘ಬಟ್’ ಎಂದು ಇನ್ನೊಂದು ಅರ್ಧ ವಾಕ್ಯವಿತ್ತು. ಆ ಅರ್ಧ ನೆನಪಿಗೆ ಬರುತ್ತಿಲ್ಲ.

೧೭ ಜುಲೈ, ಮಂಗಳವಾರ

ಮೊದಲ ಅರ್ಜಿ.

ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಬಾಗಿಲಲ್ಲಿ ಒಂದು ಹುಡುಗಿ. ಹನ್ನೆರಡು ವರ್ಷ ಇದ್ದೀತು. ಎಣ್ಣೆ ಹಚ್ಚಿ ಬಿಗಿದ ಜಡೆ, ಗಿಡ್ಡವಾದ ನೀಲಿ ಲಂಗ.

“ಹುಡುಗರ ದೂರ ಇಲ್ಲೇ ತಗೋತಾರೇನ್ರಿ?”

“ಹೊರಗ ಪೆಟ್ಟಿಗಿ ಅದಲ್ಲವಾ, ಅದರಾಗ ಹಾಕು.”

“ಎಟಕಲಿಲ್ರಿ. ಎರಡ ಸಲ ಜಿಗದೆ.”

ಹೆಸರು ಬಾಯವ್ವ. ಏಳನೆಯ ಇಯತ್ತೆ. ದೊಡವಾಡ ರಸ್ತೆಯ ಬಾಲಿಕಾಶ್ರಮದ ಹುಡುಗಿ. ಪ್ರಕರಣ ನಡೆದಿರುವುದರಿಂದ ಆಶ್ರಮದ ಹೆಸರನ್ನು ನನ್ನ ಸ್ವಂತ ದಿನಚರಿಯಲ್ಲಿ ಕೂಡ ಬರೆಯುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆದು ತಂದಿದ್ದಳು. ಇದ್ದಂತೆ ಇಳಿಸುತ್ತೇನೆ:

“ಬುಧವಾರ, ಗುರುವಾರ, ಶುಕ್ರವಾರ ನಮ್ಮನ್ನ ಹನ್ನೆರಡು ಮಂದೀನ್ನ ಸಾಲಿಗೆ ಬಿಡೂದಿಲ್ಲ. ಸುಪರಿಂಟೆಂಡೆಂಟರ ಹತ್ತಿ ಹೊಲಕ್ಕ ಕಸ ತಗ್ಯಾಕ ಕಳಸತಾರ. ಮಾಸ್ತರು ಭಿನ್ನರಾಶಿ ಬುಧವಾರನ ಕಲಸತಾರ. ಮಾರ್ಚಿನ್ಯಾಗ ಏಳನೇತ್ತದ ಪರೀಕ್ಷಾ ಐತಿ. ನಪಾಸಾದವರನ್ನ ಆಶ್ರಮದಾಗ ಇಟಗೊಳ್ಳೂದಿಲ್ಲ, ಯಾರದರ ಮನಿ ಮುಸುರಿ ತಿಕ್ಕಾಕ ಹಚ್ಚತಾರ. ನನಗ ಸಾಲಿಗೆ ಹೋಗೂದೈತಿ.”

ಬರವಣಿಗೆ ದುಂಡಗಿದೆ. ಕೆಳಗೆ ಪಾಲಕರ ಸಹಿ ಮಾತ್ರ ಇಲ್ಲ.

“ಪಾಲಕರ ಸಹಿ ಬೇಕವಾ. ನಿನಗ ಯಾರಿದ್ದಾರ?”

“ಆಯಿ ಅದಾಳ್ರಿ, ಶಟ್ಟೆವ್ವ ಅಂತ. ಸುರೇಬಾನದಾಗ ಇರ್ತಾಳ.”

“ಆಶ್ರಮದ ರಜಿಸ್ಟರದಾಗ ಪಾಲಕರು ಅಂತ ಯಾರ ಹೆಸರದ?”

ಹುಡುಗಿ ಕಾಲಿನ ಹೆಬ್ಬೆರಳು ನೋಡಿಕೊಂಡಳು. “ಸುಪರಿಂಟೆಂಡೆಂಟರದ್ರಿ.”

ಸುಪರಿಂಟೆಂಡೆಂಟ್ ನೀಲಕಂಠರಾಯರು ನನಗೆ ಗೊತ್ತಿದ್ದವರೇ. ಏಕಾದಶಿಯ ಭಜನೆಯಲ್ಲಿ ನನಗಿಂತ ಮುಂದಿನ ಸಾಲು.

೧೮ ಜುಲೈ, ಬುಧವಾರ

ಬೆಳಗಿನಿಂದ ಕೂತು ಮೆಮೋ ಬರೆದೆ. ನಾಲ್ಕು ವರ್ಷದ ಮೇಲೆ ಲೇಖನಿಗೆ ಹಳೆಯ ಓಟ ಬಂತು. “ತಮ್ಮ ಪಾಲನೆಯಲ್ಲಿರುವ ಕುಮಾರಿ ಬಾಯವ್ವ ಇವರು ತಮ್ಮ ವಿರುದ್ಧ ಸಲ್ಲಿಸಿರುವ ಅರ್ಜಿಗೆ ಪಾಲಕರಾದ ತಮ್ಮ ಸಹಿ ಇಲ್ಲದಿರುವುದರಿಂದ, ಸದರಿ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿದೆ. ಸಹಿ ಮಾಡಿ ಹಿಂದಿರುಗಿಸುವುದು.” ಥ್ರೂ ಪ್ರಾಪರ್ ಚಾನೆಲ್. ಮೂವತ್ತಾರು ವರ್ಷ ನನ್ನ ಕೈಯಿಂದ ಒಂದು ಕಾಗದವೂ ಅಡ್ಡದಾರಿ ಹಿಡಿದಿಲ್ಲ.

ಮಡಿವಾಳೆಪ್ಪ ಲಕೋಟೆ ಹಿಡಿದು ನಿಂತೇ ಇದ್ದ.

“ರಾಯರ, ಇಲಿ ಹೋಗಿ ಬೆಕ್ಕಿನ ಮ್ಯಾಲೆ ದೂರ ಕೊಟ್ರ, ಆ ದೂರ ಬೆಕ್ಕಿಗೆ ಓದಾಕ ಕೊಡತೀರೇನ್ರಿ?”

“ರೂಲ್ ಹಂಗದನೊ.”

“ಹೌದ್ರಿ. ಬರದಾವ ಬೆಕ್ಕ ಇದ್ದೀತು” ಎಂದು ಸೈಕಲ್ ಏರಿ ಹೋದ. ಅವನಿಗೆ ಆಡಳಿತದ ಒಳಮರ್ಮ ತಿಳಿಯುವುದಿಲ್ಲ.

೨೬ ಜುಲೈ, ಗುರುವಾರ

ಉತ್ತರ ಬಂತು. ನೀಲಕಂಠರಾಯರ ಅಕ್ಷರ ಮುತ್ತು ಪೋಣಿಸಿದಂತೆ. ಸಹಿ ಮಾಡಲು ಕಾರಣ ಕಂಡುಬರುವುದಿಲ್ಲವಂತೆ. ಸದರಿ ಬಾಲಿಕೆಯನ್ನು ‘ಗೃಹಕೃತ್ಯದ ತರಬೇತಿ’ಗಾಗಿ ಸವದತ್ತಿಗೆ ಕಳಿಸಲಾಗಿದೆಯಂತೆ. ಸವದತ್ತಿ ಬೇರೆ ತಾಲೂಕು, ನನ್ನ ವ್ಯಾಪ್ತಿಯ ಹೊರಗೆ. ಷರಾ ಬರೆದೆ: ಅರ್ಜಿದಾರರು ವ್ಯಾಪ್ತಿಯಲ್ಲಿಲ್ಲ, ಪ್ರಕರಣ ಮುಕ್ತಾಯ.

ಒಂಬತ್ತೇ ದಿನ. ಡಿಸ್ಪೋಸ್ಡ್ ಆಫ್. ಖುಷಿಗೆ ಚಹಾ ತರಿಸಿದೆ. ಮಡಿವಾಳೆಪ್ಪ ಕುಡಿಯಲಿಲ್ಲ. ಹೊಟ್ಟೆ ಸರಿಯಿಲ್ಲವಂತೆ.

೬ ಆಗಸ್ಟ್, ಸೋಮವಾರ

ಕಚೇರಿ ತೆರೆಯುವ ಮೊದಲೇ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕುಳಿತಿದ್ದಳು. ಸುರೇಬಾನದಿಂದ ರಾಮದುರ್ಗ, ಅಲ್ಲಿಂದ ಸವದತ್ತಿ, ಸವದತ್ತಿಯಿಂದ ಇಲ್ಲಿಗೆ, ಮೂರು ಬಸ್ಸು ಬದಲಿಸಿ ಬಂದವಳು. ಬಾಯವ್ವನ ಅಜ್ಜಿ ಶಟ್ಟೆವ್ವ.

“ಕೂಸಿನ್ನ ಎಲ್ಲಿ ಇಟ್ಟೀರಿ ಎಪ್ಪಾ?”

“ನಾ ಎಲ್ಲಿ ಇಡ್ಲವಾ? ಆಶ್ರಮದಾಗ ಕೇಳು.”

“ಕೇಳೇ ಬಂದೇನ್ರಿ. ಕಚೇರಿ ರಾಯರ ಕಾಗದ ಬಂತು, ಮರುದಿನ ಕಳಿಸಿದ್ವಿ ಅಂದ್ರು. ನಿಮ್ಮ ಕಾಗದದ ಮ್ಯಾಲೆ ಹೋಗೇತಿ. ನಿಮ್ಮ ಕಾಗದದ ಮ್ಯಾಲೇ ಬರಬೇಕು.”

ವ್ಯಾಪ್ತಿ ಎಂದರೇನು ಎಂದು ವಿವರಿಸಿದೆ. ಸವದತ್ತಿ ಬೇರೆ ತಾಲೂಕು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. “ನಾ ಅದಽ ಸವದತ್ತಿ ಮ್ಯಾಲೆ ಬಂದೇನ್ರಿ. ನಡುವ ಗ್ವಾಡಿ ಏನೂ ಕಟ್ಟಿಲ್ಲ” ಎಂದಳು.

ಐದಕ್ಕೆ ಬೀಗ ಹಾಕುವಾಗಲೂ ಕಟ್ಟೆಯ ಮೇಲೆ ಇದ್ದಳು. ಏನೂ ಕೇಳಲಿಲ್ಲ, ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಬರಬಹುದಿತ್ತು.

ಮನೆಗೆ ಬಂದು ಮೆಮೋದ ಪ್ರತಿ ತೆಗೆದು ಓದಿದೆ. ವ್ಯಾಕರಣದ ತಪ್ಪು ಒಂದೂ ಇಲ್ಲ. ಎರಡು ಸಲ ಓದಿದೆ. ಊಟ ಸೇರಲಿಲ್ಲ, ಬೇಳೆ ತಳ ಹಿಡಿದಿತ್ತು.

೮ ಆಗಸ್ಟ್, ಬುಧವಾರ

ಸವದತ್ತಿಗೆ ಹೋಗಿಬಂದೆ. ಖಾಸಗಿ ಕೆಲಸ. ಹಾಗೆಂದೇ ಕಚೇರಿಯ ಪುಸ್ತಕದಲ್ಲಿ ಬರೆದಿದ್ದೇನೆ.

ಶಟ್ಟೆವ್ವ ಜತೆಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಮಡಿವಾಳೆಪ್ಪ ಖಾಕಿ ಕೋಟು, ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ ಸಮೇತ ನಿಂತಿದ್ದಾನೆ. ರಜೆ ಹಾಕಿದವ ಡ್ರೆಸ್ ಯಾಕೆ ಹಾಕಿದೆಯೋ ಎಂದರೆ, “ಬ್ಯಾರೇದು ಒಗ್ಯಾಕ ಹಾಕೇನ್ರಿ” ಎಂದ.

‘ತರಬೇತಿ’ಯ ಸ್ಥಳ ಯಾವುದೆಂದು ಹುಡುಕುವುದು ಕಷ್ಟವಾಗಲಿಲ್ಲ. ನೀಲಕಂಠರಾಯರ ಅಳಿಯನ ಮನೆ. ಅಡತಿ ವ್ಯಾಪಾರ, ದೊಡ್ಡ ಸಂಸಾರ, ಹಿತ್ತಲಲ್ಲಿ ಹಂಡೆಯ ಗಾತ್ರದ ಪಾತ್ರೆಗಳು. ಅವುಗಳಲ್ಲೊಂದರ ಒಳಗೆ ಅರ್ಧ ಇಳಿದು ಬಾಯವ್ವ ಬೂದಿ ಹಾಕಿ ತಿಕ್ಕುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು. ಕೈ ಮೊಣಕೈವರೆಗೆ ಕಪ್ಪು. ಆಯಿಯ ಹತ್ತಿರ ಓಡಿ ಬರಲಿಲ್ಲ. ಮೊದಲು ಯಜಮಾನನ ಮುಖ ನೋಡಿದಳು. ಇಪ್ಪತ್ತು ದಿನದಲ್ಲಿ ಕಲಿಸಿದ್ದು ಇಷ್ಟು.

“ಆರ್ಡರ್ ಅದ ಏನ್ರಿ ನಿಮ್ಮ ಕಡೆ?” ಎಂದ ಅಳಿಯ.

ಆರ್ಡರ್ ಎಲ್ಲಿಂದ ಬರಬೇಕು. ಅದನ್ನು ಬರೆಯಬೇಕಾದವನು ನಾನೇ, ಬರೆಯುವ ಅಧಿಕಾರ ನನಗಿಲ್ಲ. ಇಂಥ ಹೊತ್ತಿಗೆ ಇಂಗ್ಲಿಷ್ ಬೇಕು ಎಂದು ಬಾಯಿ ತೆರೆದೆ. ಕಾಲೇಜಿನಲ್ಲಿ ಓದಿದ್ದೆಲ್ಲ ಎಲ್ಲಿ ಹೋಯಿತೋ! ಪೂರ್ತಿಯಾಗಿ ನೆನಪಿಗೆ ಬಂದದ್ದು ಒಂದೇ, ಅದನ್ನೇ ಎತ್ತರದ ದನಿಯಲ್ಲಿ ಅಂದುಬಿಟ್ಟೆ: “ಸರ್, ವಿಥ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದ್ಯಾಟ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಯೆಸ್ಟರ್‌ಡೇ ಈವನಿಂಗ್. ಐ ಷಲ್ ಬಿ ಮಚ್ ಆಬ್ಲೈಜ್ಡ್.” ಕೊನೆಯ ಮಾತಿಗೆ ಬೆರಳನ್ನೂ ಎತ್ತಿದೆ. ಮಡಿವಾಳೆಪ್ಪ ಒಂದು ಹೆಜ್ಜೆ ಮುಂದೆ ಬಂದು ಬಿಲ್ಲೆ ಸರಿಮಾಡಿಕೊಂಡ.

ಅಳಿಯ ಬಿಲ್ಲೆ ನೋಡಿದ, ನನ್ನ ಬೆರಳು ನೋಡಿದ. “ಇಷ್ಟೆಲ್ಲಾ ಯಾಕ್ರಿ, ಕರಕೊಂಡ ಹೋಗ್ರಿ. ನಾವೇನು ಬ್ಯಾಡಂತೀವೇನು” ಎಂದ.

ಬಸ್ಸಿನಲ್ಲಿ ಮೂರು ಊರು ದಾಟುವವರೆಗೆ ಹುಡುಗಿ ಲಂಗದ ಅಂಚಿನಿಂದ ಕೈಯ ಮಸಿ ಒರೆಸಿಕೊಳ್ಳುತ್ತಿದ್ದಳು. ಆಮೇಲೆ, “ಜ್ವರ ಇನ್ನೂ ಅದಾವೇನ್ರಿ ಅಜ್ಜಾರ?” ಎಂದು ಕೇಳಿದಳು.

“ನಿನಗ ಹ್ಯಾಂಗ ತಿಳೀತು?”

“ಆ ರಜಾ ಅರ್ಜಿ ಪಾಠ ನಮಗ ಆಗೇತ್ರಿ. ಒಂದ ಸೋಮವಾರ ಮಾಡಿದ್ರು.”

ಸದ್ಯಕ್ಕೆ ಇಬ್ಬರೂ ನನ್ನ ಮನೆಯಲ್ಲಿ. ಪಡಸಾಲೆ ಮಾತ್ರ. ಅಡುಗೆಮನೆ, ದೇವರ ಕೋಣೆಗಳಿಗೆ ಪ್ರವೇಶವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದೇನೆ. ರೂಲ್ ಈಸ್ ಎ ರೂಲ್.

೧೩ ಆಗಸ್ಟ್, ಸೋಮವಾರ

ಬಾಯವ್ವ ಸಾಲಿಗೆ ಹೋದಳು. ಶಟ್ಟೆವ್ವ ಬಡಿಯುವ ರೊಟ್ಟಿ ದಪ್ಪ. ಒಲೆಯ ಪಕ್ಕದಲ್ಲೇ ಕೂತು ಉಣ್ಣುವಾಗ ಹಾಗೆಂದು ಹೇಳಿದೆ. “ಹಲ್ಲ ಅದಾವಲ್ರಿ ನಿಮಗ” ಎಂದಳು.

೨೦ ಆಗಸ್ಟ್, ಸೋಮವಾರ

ಇಂದಿನ ಟಪಾಲಿನಲ್ಲಿ ಒಂದು ದೂರು. ‘ಗೌರವಾಧಿಕಾರಿ ಹುಣಶೀಕಟ್ಟಿ ಎಂಬುವರು ೮ ಆಗಸ್ಟ್‌ರಂದು ಸವದತ್ತಿಯಲ್ಲಿ ತರಬೇತಿ ಪಡೆಯುತ್ತಿದ್ದ ಬಾಲಿಕೆಯನ್ನು ಪಾಲಕರ ಒಪ್ಪಿಗೆ ಇಲ್ಲದೆ ಅಪಹರಿಸಿದ್ದಾರೆ.’ ಅರ್ಜಿದಾರರು ನೀಲಕಂಠರಾಯರು. ಬಾಲಿಕೆಯನ್ನು ತಮಗೆ ಮರಳಿ ಒಪ್ಪಿಸಬೇಕು, ನನ್ನನ್ನು ಪೊಲೀಸರಿಗೆ ಒಪ್ಪಿಸಬೇಕು ಎಂದು ಕೋರಿಕೆ. ತಾಲೂಕಿನ ಮಕ್ಕಳ ವಿಷಯದ ಕಾಗದವೆಲ್ಲ ಈ ಕೇಂದ್ರಕ್ಕೇ ಬರತಕ್ಕದ್ದರಿಂದ, ತಹಶೀಲ್ದಾರರು ‘ಅಭಿಪ್ರಾಯಕ್ಕಾಗಿ’ ಎಂದು ಬರೆದು ನನಗೇ ಕಳಿಸಿದ್ದಾರೆ.

ಹದಿನಾಲ್ಕೂ ನಿಯಮ ಹಚ್ಚಿ ನೋಡಿದೆ. ನಿಗದಿತ ನಮೂನೆ, ಮೂರು ಪ್ರತಿ, ಪಾಲಕರ ಸಹಿ. ಕೇಂದ್ರ ಸುರುವಾದ ಮೇಲೆ ನಿಯಮಬದ್ಧವಾಗಿ ಬಂದ ಮೊದಲ ಅರ್ಜಿ. ತಿರಸ್ಕರಿಸಲು ಒಂದು ಕಾರಣವೂ ಇಲ್ಲ. ನನಗೆ ನಾನೇ ನೋಟೀಸು ಬರೆದು, ನಾನೇ ಸಹಿ ಮಾಡಿ ತೆಗೆದುಕೊಂಡೆ. ಹದಿನೈದು ದಿನದೊಳಗೆ ಉತ್ತರಿಸದಿದ್ದರೆ ನನ್ನ ಮೇಲೆ ಕ್ರಮ ಕೈಗೊಳ್ಳುವುದಾಗಿ ನನಗೆ ಎಚ್ಚರಿಕೆ ಕೊಟ್ಟಿದ್ದೇನೆ.

ವಿಚಾರಣೆಗೆ ಬೆಳಗಾವಿಯಿಂದ ಅಧಿಕಾರಿ ಬರುತ್ತಾರಂತೆ. ಬಾಯವ್ವನಿಗೆ ಹೇಳಿಲ್ಲ. ಅವಳು ಮೂರನೇ ಎರಡಕ್ಕೆ ಐದನೇ ಒಂದು ಕೂಡಿಸುತ್ತ ಕೂತಿದ್ದಾಳೆ. ನನಗೂ ಬರಲಿಲ್ಲ. ಕೊನೆಗೆ ಅವಳೇ ಹೇಳಿಕೊಟ್ಟಳು.

೩ ಸೆಪ್ಟೆಂಬರ್, ಸೋಮವಾರ

ಮಡಿವಾಳೆಪ್ಪ ಟಪಾಲು ವಿಂಗಡಿಸುತ್ತ ಒಂದು ಕಾಗದವನ್ನು ನನ್ನ ಮೇಜಿಗೆ ತಂದ. ಆಶ್ರಮದವರು ಅನುದಾನಕ್ಕಾಗಿ ತಿಂಗಳಿಗೊಮ್ಮೆ ಕಚೇರಿಗೆ ಕಳಿಸುವ ಹಾಜರಿ ಪ್ರಮಾಣಪತ್ರ: ಇಂತಿಂಥ ಮಕ್ಕಳು ತಿಂಗಳಿಡೀ ಆಶ್ರಮದಲ್ಲೇ ವಾಸವಿದ್ದು ಪ್ರತಿದಿನ ಶಾಲೆಗೆ ಹೋಗಿದ್ದಾರೆ ಎಂದು.

“ಇಪ್ಪತ್ತಾರನೇ ನಂಬರ ಓದ್ರಿ.”

ಕುಮಾರಿ ಬಾಯವ್ವ. ಆಗಸ್ಟ್ ಒಂದರಿಂದ ಮೂವತ್ತೊಂದರವರೆಗೆ ವಾಸ: ಆಶ್ರಮ. ಒಂದು ದಿನವೂ ಗೈರುಹಾಜರಿ ಇಲ್ಲ. ಕೆಳಗೆ ನೀಲಕಂಠರಾಯರ ಮುತ್ತಿನಂಥ ಸಹಿ.

“ಆಶ್ರಮದಾಗೂ ಉಂಡಾಳ, ಸವದತ್ಯಾಗೂ ಉಂಡಾಳ, ನಿಮ್ಮ ಮನ್ಯಾಗೂ ಉಂಡಾಳ” ಎಂದ ಮಡಿವಾಳೆಪ್ಪ. “ಕೂಸಿಂದು ಹೊಟ್ಟಿ ದೊಡ್ಡದ್ರಿ ರಾಯರ.”

ವರ್ಷಾನುಗಟ್ಟಲೆ ಅದೇ ಪಟ್ಟಿಯನ್ನು ನಕಲು ಮಾಡಿ ತಾರೀಖು ತಿದ್ದಿ ಕಳಿಸಿ ರೂಢಿ. ಹುಡುಗಿಯನ್ನು ಹೊರಗಟ್ಟಿದ್ದು ನೆನಪಿತ್ತು, ಪಟ್ಟಿಯಿಂದ ತೆಗೆಯುವುದು ನೆನಪಾಗಲಿಲ್ಲ. ಇಂಥ ಪಟ್ಟಿಗಳನ್ನು ಮೂವತ್ತಾರು ವರ್ಷ ನಾನೂ ಓದದೆ ಫೈಲಿಗೆ ಹಾಕಿದವನೇ.

೪ ಸೆಪ್ಟೆಂಬರ್, ಮಂಗಳವಾರ

ವಿಚಾರಣೆ ಮುಗಿಯಿತು. ಅಧಿಕಾರಿ ಬಸವಣ್ಣೆಪ್ಪನವರು ಸಣ್ಣ ಮನುಷ್ಯ, ಬಂದ ಕೂಡಲೇ ತಿರುಗಿ ಹೋಗುವ ಬಸ್ಸಿನ ವೇಳೆ ಕೇಳಿದರು. ನೀಲಕಂಠರಾಯರು ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದಿದ್ದರು. ಬಾಯವ್ವನನ್ನು ಸಾಲಿಯಿಂದ ಕರೆಸಿದರು.

“ನಿನ್ನ ಹೆಸರೇನವಾ?”

“ಬಾಯವ್ವ ರಿ.”

“ಬಾಲಿಕೆಯನ್ನು ವಿಚಾರಿಸಲಾಯಿತು” ಎಂದು ಬಸವಣ್ಣೆಪ್ಪನವರು ಬರೆದುಕೊಂಡರು. ಅಷ್ಟೇ. ಹುಡುಗಿ ಇನ್ನೇನೋ ಹೇಳಲು ಬಾಯಿ ತೆರೆದದ್ದು ನನಗೆ ಕಾಣಿಸಿತು.

ನಾನು ಎರಡೂ ಕಾಗದ ಪಕ್ಕಪಕ್ಕಕ್ಕೆ ಇಟ್ಟೆ. ಒಂದರಲ್ಲಿ ಎಂಟನೆಯ ತಾರೀಖು ಹುಡುಗಿ ಸವದತ್ತಿಯಲ್ಲಿ ಅಪಹರಣವಾಗಿದ್ದಾಳೆ. ಇ‌ನ್ನೊಂದರಲ್ಲಿ ಅದೇ ದಿನ ಇಲ್ಲಿ ಸಾಲಿಯಲ್ಲಿದ್ದಾಳೆ. ಎರಡಕ್ಕೂ ಒಂದೇ ಸಹಿ.

ಬಸವಣ್ಣೆಪ್ಪನವರು ಚಷ್ಮಾ ತೆಗೆದು ಒರೆಸಿಕೊಂಡರು. “ನೀಲಕಂಠರಾವ್, ಈ ಹಾಜರಿ ಸುಳ್ಳಂದ್ರ ಆಶ್ರಮದ ಮ್ಯಾಲೆ ಹೊಸಾ ಫೈಲ್ ತಗೀಬೇಕಾಗ್ತದ. ಈ ದೂರು ಸುಳ್ಳಂದ್ರ ಫೈಲ್ ಇಲ್ಲೇ ಮುಗೀತದ. ಯಾವ್ದು ಸುಳ್ಳ ಹೇಳ್ರಿ. ನಾಕೂವರಿಗೆ ನನ್ನ ಬಸ್ಸದ.”

ನೀಲಕಂಠರಾಯರು ಬಹಳ ಹೊತ್ತು ಯೋಚಿಸಲಿಲ್ಲ. “ಸವದತ್ತಿ ಸಂಗತಿ ನಂದು ತಪ್ಪು ತಿಳುವಳಿಕಿ ರಿ” ಎಂದರು. ಹುಡುಗಿ ಸವದತ್ತಿಗೆ ಹೋಗಿಯೇ ಇರಲಿಲ್ಲ. ಆದ್ದರಿಂದ ನಾನು ಕರೆತಂದೂ ಇಲ್ಲ. ಹೆಸರು ಆಶ್ರಮದಿಂದ ಕಡಿಮೆ ಮಾಡಿ ಆಯಿಯ ಸುಪರ್ದಿಗೆ ಕೊಟ್ಟರು. ಶಟ್ಟೆವ್ವ ಹೆಬ್ಬೆಟ್ಟು ಒತ್ತಿದಳು. ಪರೀಕ್ಷೆಯವರೆಗೆ ಮನೆ ಇಲ್ಲಿದೆ, ಸಾಲಿ ಇಲ್ಲಿದೆ.

ಬಸವಣ್ಣೆಪ್ಪನವರು ನನ್ನ ಕೈ ಕುಲುಕಿ, “ಇನ್ನೇನರ ಹೇಳೂದದ ಏನ್ರಿ?” ಎಂದರು. ಹತ್ತಿ ಹೊಲದ ಮಾತು ನಾಲಿಗೆಯ ಮೇಲೆ ಇತ್ತು. ಏನೂ ಇಲ್ಲ ಎಂದೆ. ಗೆದ್ದವನು ಬೇಗ ಎದ್ದು ಬರಬೇಕು.

೧೮ ಸೆಪ್ಟೆಂಬರ್, ಮಂಗಳವಾರ

ಆದೇಶ ಬಂತು. ಆಶ್ರಮದ ಆಡಳಿತದಲ್ಲಿ ಲೋಪ ಕಂಡುಬಂದಿಲ್ಲ. ಎರಡೇ ದೂರು ಬಂದಿದ್ದು, ಒಂದು ನಿಯಮಬಾಹಿರ, ಇನ್ನೊಂದು ತಪ್ಪು ತಿಳುವಳಿಕೆ. ಇಲ್ಲಿಯ ಮಕ್ಕಳಿಗೆ ಅಹವಾಲುಗಳೇ ಇಲ್ಲವೆಂಬುದು ಸಂತೋಷದ ವಿಷಯ. ಉದ್ದೇಶ ಈಡೇರಿದ್ದರಿಂದ ಕೇಂದ್ರವನ್ನು ಈ ತಿಂಗಳ ಕೊನೆಗೆ ಮುಚ್ಚತಕ್ಕದ್ದು. ಗೌರವಾಧಿಕಾರಿಯ ಸೇವೆಗೆ ಧನ್ಯವಾದ.

ಸಾಲಿಯಿಂದ ಬಂದ ಬಾಯವ್ವ ಒಲೆಯ ಮುಂದೆ ಕೂತು ಅದನ್ನು ಗಟ್ಟಿಯಾಗಿ ಓದಿದಳು. ಶಟ್ಟೆವ್ವ ಕೇಳಿಸಿಕೊಂಡಳು.

“ಅಂದ್ರ ನಾ ಸುಳ್ಳ ಬರದಿದ್ನೇನ್ರಿ ಅಜ್ಜಾರ?”

“ಹಂಗಲ್ಲವಾ. ಕಾಯದೇ ಪ್ರಕಾರ...” ಎಂದು ಸುರುಮಾಡಿದೆ.

“ಉಳದ ಹನ್ನೊಂದ ಮಂದಿ ಇನ್ನೂ ಹೊಲಕ್ಕ ಹೊಂಟಾರ್ರಿ. ಮೊನ್ನೆ ಶುಕ್ರವಾರ ಒಂದ ಹುಡುಗಿ ಕೈಗೆ ಕುಡಗೋಲ ಬಡದೈತಿ.”

“ಅವರದು ಅರ್ಜಿ ಬಂದಿಲ್ಲವಾ.”

“ಹೆಂಗ ಬರತೈತ್ರಿ? ಅವರಿಗೆ ಬರ್ಯಾಕ ಬರೂದಿಲ್ಲ” ಎಂದಳು. “ಸಾಲಿಗೆ ಬಿಟ್ರ ಬರತಿತ್ತು.”

ಶಟ್ಟೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಕೇಂದ್ರ ಮುಚ್ಚಲು ಇನ್ನೂ ಹನ್ನೆರಡು ದಿನವಿದೆ. ನಾಳೆ ಬುಧವಾರ, ಹನ್ನೊಂದೂ ಮಂದಿ ಹೊಲದಲ್ಲಿರುತ್ತಾರೆ. ಮಡಿವಾಳೆಪ್ಪನಿಗೆ ಹೇಳಿಯಾಯಿತು, ಒಂದು ದಸ್ತೆ ಕಾಗದ, ಶಾಯಿ, ಹೆಬ್ಬೆಟ್ಟಿನ ಪ್ಯಾಡು ತರುತ್ತಾನೆ. ಯಾವ ನಿಯಮದ ಕೆಳಗೆ ಎಂದು ಕೇಳಿದ. ನೆನಪಿಲ್ಲ ಎಂದೆ. ಹೊಲ ಎರಡು ಮೈಲಿ, ಎರೆಭೂಮಿ, ಮಳೆ ಬಿದ್ದಿದೆ, ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕಾದೀತು. ಹದಿನಾಲ್ಕು ಮಂದಿಗೆ ಬುತ್ತಿ ಕಟ್ಟಲು ಶಟ್ಟೆವ್ವ ಜೋಳದ ಹಿಟ್ಟು ಸಾಲದು ಎನ್ನುತ್ತಿದ್ದಾಳೆ. ಅವಳೂ ಬರುತ್ತಾಳಂತೆ. ಬಾಯವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಬೇಡ ಎಂದೆ.

ಅವಳಿಗೆ ಸಾಲಿ ಇದೆ.